ಸಿತಾರ್ ಜೊತೆ ಇಂಗ್ಲಿಷ್ ಜಾನಪದ: ಮ್ಯಾಜಿಕ್ ಕಾರ್ಪೆಟ್ ಬ್ಯಾಂಡ್ ಮತ್ತು ಅದರ ಸುತ್ತಲಿನ ಸಂಗೀತ, ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯಾಜಿಕ್ ಕಾರ್ಪೆಟ್ ಅಂದರೆ ಯಾರು?

1970ರ ದಶಕದ ಶುರುವಿನಲ್ಲಿ ಇಂಗ್ಲೆಂಡಿನಲ್ಲಿದ್ದ ನಾಲ್ಕು ಜನರ ಬ್ಯಾಂಡ್. ಅಲಿಶಾ ಸೂಫಿಟ್ ಹಾಡುತ್ತಿದ್ದರು, ಗಿಟಾರ್ ಕೂಡ ನುಡಿಸುತ್ತಿದ್ದರು. ಕ್ಲೆಮ್ ಆಲ್ಫರ್ಡ್ ಅವರದು ಸಿತಾರ್, ಜಿಮ್ ಮೋಯ್ಸ್ ಅವರದು ಇನ್ನೊಂದು ಗಿಟಾರ್, ಕೇಶವ ಸಾಠೆ ಅವರದು ತಬಲಾ. ಅಲಿಶಾ ಸೇರುವ ಮೊದಲು ಉಳಿದ ಮೂವರು ಸರ್ಗಮ್ ಎಂಬ ಹೆಸರಿನಲ್ಲಿ ಬರೀ ವಾದ್ಯ ಸಂಗೀತ ಮಾಡುತ್ತಿದ್ದರು. 1972ರಲ್ಲಿ ಮಶ್ರೂಮ್ ಎಂಬ ಸಣ್ಣ ಲೇಬಲ್‌ನಿಂದ ಇವರ ಆಲ್ಬಂ ಬಂತು. ಅದರ ಹೆಸರೂ ಮ್ಯಾಜಿಕ್ ಕಾರ್ಪೆಟ್ ಅಂತಲೇ. ಆಮೇಲೆ ಸ್ವಲ್ಪ ಕಾಲಕ್ಕೇ ಬ್ಯಾಂಡ್ ಒಡೆಯಿತು.

ಆಗ ಯಾರೂ ಅಷ್ಟಾಗಿ ಕೇಳದ ಆ ಎಲ್‌ಪಿಯನ್ನು ಹಳೇ ರೆಕಾರ್ಡ್ ಸಂಗ್ರಹಿಸುವವರು ನಂತರ ಹುಡುಕಿ ಹುಡುಕಿ ಕೊಳ್ಳತೊಡಗಿದರು, ಬೆಲೆ ಏರಿತು, ಕೊನೆಗೆ ಸಿಡಿಯಾಗಿ ಮತ್ತೆ ಬಂತು. 1990ರ ದಶಕದಲ್ಲಿ ಅಲಿಶಾ ಮತ್ತು ಕ್ಲೆಮ್ ಮತ್ತೆ ಸೇರಿ "ಒನ್ಸ್ ಮೂರ್" ಎಂಬ ಇನ್ನೊಂದು ಆಲ್ಬಂ ಮಾಡಿದರು. ಅಂಗಡಿಯವರು ಇದನ್ನೆಲ್ಲ ಸೈಕೆಡೆಲಿಕ್ ಫೋಕ್ ಎಂಬ ಖಾನೆಯಲ್ಲಿ ಇಡುತ್ತಾರೆ. ಆ ಹಣೆಪಟ್ಟಿ ನೋಡಿ ಏನೋ ಗದ್ದಲದ ಸಂಗೀತ ಅಂದುಕೊಳ್ಳಬೇಡಿ. ತುಂಬಾ ಮೆತ್ತಗಿನ, ಸ್ಪಷ್ಟವಾದ ಸಂಗೀತ ಇದು.

ಅವರು ಹಾಡಿದ್ದು ನಿಜವಾದ ಹಳೇ ಜಾನಪದ ಹಾಡುಗಳನ್ನೇ?

ಅಲ್ಲ. ಹಾಡುಗಳು ಹೊಸದಾಗಿ ಬರೆದವು. "ದ ಫೀನಿಕ್ಸ್", "ಬ್ಲ್ಯಾಕ್ ಕ್ಯಾಟ್", "ಫಾದರ್ ಟೈಮ್", "ಹಾರ್ವೆಸ್ಟ್ ಸಾಂಗ್" ಇವೆಲ್ಲ ಆ ಆಲ್ಬಂನಲ್ಲಿವೆ. ಆದರೆ ಹಾಡುವ ರೀತಿ, ಮಟ್ಟುಗಳ ನಡಿಗೆ, ಪದ್ಯದಿಂದ ಪದ್ಯಕ್ಕೆ ಹೋಗುವ ಕ್ರಮ ಎಲ್ಲವೂ ಇಂಗ್ಲಿಷ್ ಜಾನಪದದ್ದೇ. ಹಳೇ ಹಾಡುಗಳಿಗೇ ನಮ್ಮ ವಾದ್ಯ ಜೋಡಿಸಿದ್ದನ್ನು ಕೇಳಬೇಕೆಂದರೆ ಇಂಗ್ಲಿಷ್ ಗಿಟಾರ್ ವಾದಕ ಜಾನ್ ರೆನ್‌ಬೋರ್ನ್ ಅವರ ಗ್ರೂಪ್ ಕೇಳಿ. ಅದರ ಬಗ್ಗೆ ಕೆಳಗೆ ಹೇಳಿದ್ದೇನೆ. ಅಲ್ಲೂ ತಬಲಾ ಇದೇ ಕೇಶವ ಸಾಠೆಯವರದು.

ಇಂಗ್ಲಿಷ್ ಜಾನಪದ ಅಂತ ಒಂದು ಇದೆಯಾ? ನಮಗೆ ಗೊತ್ತಿರುವುದು ರಾಕ್, ಪಾಪ್ ಅಷ್ಟೇ.

ಇದೆ, ಭರ್ತಿ ಇದೆ. 1903ರಲ್ಲಿ ಸೆಸಿಲ್ ಶಾರ್ಪ್ ಎಂಬ ಸಂಗೀತದ ಮೇಷ್ಟ್ರು ಸಾಮರ್ಸೆಟ್ ಜಿಲ್ಲೆಯ ಹ್ಯಾಂಬ್ರಿಜ್ ಎಂಬ ಹಳ್ಳಿಗೆ ಹೋಗಿದ್ದಾಗ ಜಾನ್ ಇಂಗ್ಲೆಂಡ್ ಎಂಬ ತೋಟದ ಮಾಲಿಯ ಬಾಯಲ್ಲಿ ಒಂದು ಹಾಡು ಕೇಳಿದರು. ಅಲ್ಲಿಂದ ಅವರ ಸಂಗ್ರಹ ಶುರುವಾಯಿತು. ಆಮೇಲೆ ಸಾವಿರಾರು ಮಟ್ಟುಗಳನ್ನು ಬರೆದಿಟ್ಟರು. ಅದೇ ವರ್ಷ ಸಂಗೀತಗಾರ ವಾನ್ ವಿಲಿಯಮ್ಸ್ ಕೂಡ ಎಸೆಕ್ಸ್ ಕಡೆ ಇದೇ ಕೆಲಸಕ್ಕೆ ಇಳಿದರು. ಶಾರ್ಪ್ ಹೆಸರಿನ ಕಟ್ಟಡ ಲಂಡನ್‌ನ ಕ್ಯಾಮ್ಡನ್‌ನಲ್ಲಿ 1930ರಿಂದ ಇದೆ, ಇವತ್ತಿಗೂ ಜಾನಪದ ಹಾಡು ಕುಣಿತಕ್ಕೆ ಅದೇ ಮುಖ್ಯ ಜಾಗ.

ಕಥೆ ಹೇಳುವ ಹಾಡುಗಳೂ ತುಂಬಾ ಇವೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಇಂಥ 305 ಹಾಡುಗಳನ್ನು ಫ್ರಾನ್ಸಿಸ್ ಚೈಲ್ಡ್ ಎಂಬ ಅಮೆರಿಕದ ಪ್ರೊಫೆಸರ್ 19ನೇ ಶತಮಾನದಲ್ಲಿ ಒಟ್ಟು ಮಾಡಿದ್ದರು. ನಮ್ಮ ಕೆರೆಗೆ ಹಾರ, ಗೋವಿನ ಹಾಡು ಗೊತ್ತಿರುವವರಿಗೆ ಈ ಹಾಡುಗಳು ಹೊಸದು ಅನಿಸುವುದೇ ಇಲ್ಲ. ಒಂದೇ ಮಟ್ಟು ಮತ್ತೆ ಮತ್ತೆ ಬರುತ್ತದೆ, ಕಥೆ ಮುಂದೆ ಹೋಗುತ್ತಾ ಇರುತ್ತದೆ. ಸಾವು, ಮೋಸ, ಸಮುದ್ರಕ್ಕೆ ಹೋದ ಗಂಡ, ಬಡತನ, ಹೀಗೆ ಎಲ್ಲವೂ ಇದೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಹಳ್ಳಿಯ ಈ ಹಾಡುಗಾರರಲ್ಲಿ ಹೆಚ್ಚಿನವರು ವಾದ್ಯವೇ ಇಲ್ಲದೆ ಒಬ್ಬರೇ ಹಾಡುತ್ತಿದ್ದರು. ಗಿಟಾರ್ ಬಂದದ್ದು ಬಹಳ ಆಮೇಲೆ. ಅಂದರೆ ಮೂಲದಲ್ಲಿ ಇದು ಒಂದೇ ಸಾಲಿನ ಸಂಗೀತ. ಕಾರ್ಡ್‌ಗಳು, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದು, ಹೊರಗಿಂದ ಬಂದ ಅಲಂಕಾರ.

ಸಿತಾರ್ ಮತ್ತು ಇಂಗ್ಲಿಷ್ ಹಾಡು, ಇವೆರಡು ಹೇಗೆ ಹೊಂದುತ್ತವೆ? ಒತ್ತಾಯ ಮಾಡಿ ಸೇರಿಸಿದ ಹಾಗಲ್ವಾ?

ಈ ಪ್ರಶ್ನೆ ಎಲ್ಲಕ್ಕಿಂತ ಜಾಸ್ತಿ ಬರುತ್ತದೆ, ಮತ್ತು ನನಗೆ ಹೇಳಬೇಕಾದದ್ದು ಇರುವುದೂ ಇಲ್ಲೇ. ಒತ್ತಾಯ ಬೇಕಾಗುವುದಿಲ್ಲ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಸಿತಾರ್ ಜೋಡಿಸುವುದು ನಿಜಕ್ಕೂ ಕಷ್ಟ, ಯಾಕೆಂದರೆ ಅಲ್ಲಿ ನೆಲವೇ ಬದಲಾಗುತ್ತಾ ಹೋಗುತ್ತದೆ. ಕಾರ್ಡ್ ಬದಲಾದಾಗ ಆಧಾರದ ಸ್ವರ ಬದಲಾಗುತ್ತದೆ, ಹಾಡು ನಡುವೆ ಬೇರೆ ಶ್ರುತಿಗೂ ಹೋಗುತ್ತದೆ. ನಮ್ಮ ಸಂಗೀತದಲ್ಲಿ ಷಡ್ಜ, ಅಂದರೆ ಸ ಸ್ವರ, ಅಲ್ಲಾಡುವುದಿಲ್ಲ. ಹಳೇ ಇಂಗ್ಲಿಷ್ ಹಾಡಿನಲ್ಲೂ ಅಲ್ಲಾಡುವುದಿಲ್ಲ. ಹಾಡು ಎಲ್ಲಿ ಹೋದರೂ ಒಂದೇ ಸ್ವರಕ್ಕೆ ಮನೆಗೆ ಬರುತ್ತದೆ. ಅದರ ಕೆಳಗೆ ತಂಬೂರಿ ಹಿಡಿದರೆ ಕೂತುಬಿಡುತ್ತದೆ.

ಎರಡನೆಯದು ಸ್ವರಗಳ ಆಯ್ಕೆ. ಪಾಪ್ ಹಾಡುಗಳು ಬಹುಪಾಲು ಮೇಜರ್ ಮತ್ತು ಮೈನರ್ ಎಂಬ ಎರಡೇ ದಾರಿಯಲ್ಲಿ ಓಡಾಡುತ್ತವೆ. ಹಳೇ ಜಾನಪದದಲ್ಲಿ ಅವರು ಮೋಡ್ ಎನ್ನುವ ಬೇರೆ ಬೇರೆ ಸ್ವರಶ್ರೇಣಿಗಳು ಉಳಿದುಕೊಂಡಿವೆ. ಇಂಥ ಮೂಲ ಸ್ವರಶ್ರೇಣಿಗೆ ಕರ್ನಾಟಕ ಸಂಗೀತದಲ್ಲಿ ಮೇಳ, ಹಿಂದೂಸ್ತಾನಿಯಲ್ಲಿ ಥಾಟ್ ಅನ್ನುತ್ತಾರೆ. ಡೋರಿಯನ್ ಎಂಬ ಮೋಡ್‌ನ ಸ್ವರಗಳು ನಮ್ಮ 22ನೇ ಮೇಳ ಖರಹರಪ್ರಿಯದ ಸ್ವರಗಳೇ, ಹಿಂದೂಸ್ತಾನಿಯವರಿಗೆ ಕಾಫಿ ಥಾಟ್. ಮಿಕ್ಸೊಲಿಡಿಯನ್ ಅಂದರೆ 28ನೇ ಮೇಳ ಹರಿಕಾಂಭೋಜಿ, ಅಲ್ಲಿ ಖಮಾಜ್ ಥಾಟ್. ಏಯೋಲಿಯನ್ ಅಂದರೆ 20ನೇ ಮೇಳ ನಟಭೈರವಿ, ಅಲ್ಲಿ ಆಸಾವರಿ ಥಾಟ್. ಅವರ ಮೇಜರ್ ಅಂದರೆ ನಮ್ಮ ಶಂಕರಾಭರಣ, ಅಲ್ಲಿ ಬಿಲಾವಲ್. ಸಿತಾರ್ ಹಿಡಿದವನಿಗೆ ಇಂಥ ಹಾಡು ಕೈಗೆ ಬಂದರೆ ಅವನು ಹೊಸದಾಗಿ ಸ್ವರ ಹುಡುಕಬೇಕಾಗಿಲ್ಲ. ಪರದೆಗಳು (ಬೆರಳಿಡುವ ಲೋಹದ ಪಟ್ಟಿಗಳು) ಅಲ್ಲೇ ಇವೆ. ಕೆಳಗಿನ ತರಬ್ ತಂತಿಗಳನ್ನು ಆ ಸ್ವರಗಳಿಗೆ ಮಾಡಿಕೊಂಡರೆ ಹಾಡುಗಾರ್ತಿ ಸ್ವರ ಎತ್ತಿದ ತಕ್ಷಣ ಅವು ತಾವೇ ಮಿಡಿಯುತ್ತವೆ.

ಮೂರನೆಯದು, ಗುಂಯ್ ಎನ್ನುವ ಆಧಾರ ಸ್ವರ ಇಂಗ್ಲೆಂಡಿಗೆ ಹೊಸದೇನೂ ಅಲ್ಲ. ಉತ್ತರದ ನಾರ್ಥಂಬ್ರಿಯಾ ಕಡೆಯ ಸಣ್ಣ ಬ್ಯಾಗ್‌ಪೈಪ್‌ನಲ್ಲಿ ಅದು ಸದಾ ಇರುತ್ತದೆ. ಹಳ್ಳಿಯ ಪಿಟೀಲುಗಾರರು ಒಂದು ತಂತಿಯಲ್ಲಿ ಹಾಡು ನುಡಿಸುತ್ತಾ ಪಕ್ಕದ ತಂತಿಯನ್ನು ಹಾಗೇ ಉಜ್ಜುತ್ತಾ ಹೋಗುತ್ತಾರೆ. ಹಾಗಾಗಿ ತಂಬೂರಿ ಕೇಳಿದಾಗ ಆ ಹಾಡುಗಾರರಿಗೆ ಅದು ಪೂರ್ತಿ ಅಪರಿಚಿತ ಅನಿಸಿರಲಾರದು.

ಹಾಗಾದರೆ "ಸ್ಕಾರ್ಬರೋ ಫೇರ್" ಎಂಬ ಹಳೇ ಇಂಗ್ಲಿಷ್ ಹಾಡು ಖರಹರಪ್ರಿಯ ರಾಗದಲ್ಲಿದೆ ಅನ್ನಬಹುದಾ?

ಸ್ವರಗಳು ಅವೇ. ರಾಗ ಅಲ್ಲ.

ಎರಡನೇ ಸಾಲನ್ನು, ಆ ಸೊಪ್ಪುಗಳ ಹೆಸರು ಬರುವ ಸಾಲನ್ನು ಗಮನಿಸಿ ಕೇಳಿ. ಹಾಡು ಮೈನರ್ ಅನ್ನಿಸುತ್ತಿರುವಾಗಲೇ ಚತುಶ್ರುತಿ ಧೈವತ (ಎತ್ತರದ ಧ) ಬರುತ್ತದೆ, ಒಮ್ಮೆಲೇ ಬೆಳಕು ಬಂದ ಹಾಗೆ ಆಗುತ್ತದೆ. ಆ ಹಾಡಿನ ಸೊಗಸೆಲ್ಲ ಆ ಒಂದು ಸ್ವರದಲ್ಲಿದೆ ಅಂತ ನನಗೆ ಅನಿಸುತ್ತದೆ. ಆದರೆ ಖರಹರಪ್ರಿಯ ಅಂದರೆ ಗಾಂಧಾರವನ್ನು ಹೇಗೆ ತೂಗಬೇಕು, ಯಾವ ಸಂಚಾರ ಎಲ್ಲಿ ಬರಬೇಕು, ಎಲ್ಲಿ ನಿಲ್ಲಬೇಕು ಎಲ್ಲವೂ ಸೇರಿದ ಒಂದು ವ್ಯಕ್ತಿತ್ವ. ಇಂಗ್ಲಿಷ್ ಹಾಡಿಗೆ ತನ್ನದೇ ಅಲಂಕಾರ ಇದೆ, ಸ್ವರಗಳ ನಡುವೆ ಸಣ್ಣ ತಿರುವುಗಳಿವೆ, ಆದರೆ ಗಮಕ ಬೇರೆ. ಇಂಗ್ಲಿಷ್ ಹಾಡಿಗೆ ನಮ್ಮ ಕಂಪಿತ ಗಮಕ ಪೂರ್ತಿ ಹಾಕಿದರೆ ಪದಗಳು ಮುಳುಗುತ್ತವೆ. ಏನೂ ಹಾಕದಿದ್ದರೆ ಸಿತಾರ್ ಬರೀ ಟಿಂಗ್ ಟಿಂಗ್ ಎನ್ನುತ್ತದೆ. ಎಷ್ಟು ಮೀಂಡ್ (ತಂತಿ ಎಳೆದು ಸ್ವರ ಜಾರಿಸುವುದು) ಹಾಕಬೇಕು, ಎಲ್ಲಿ ಬಿಡಬೇಕು ಎಂಬ ಅಳತೆಯಲ್ಲೇ ಇಂಥ ಬ್ಯಾಂಡ್‌ಗಳು ಗೆಲ್ಲುವುದು ಸೋಲುವುದು.

ಗಿಟಾರ್‌ನವರು ಏನೋ ಬೇರೆ ಶ್ರುತಿ ಇಟ್ಟುಕೊಳ್ಳುತ್ತಾರಂತೆ, ಅದೇನು?

ಡೇವಿ ಗ್ರಹಾಂ ಎಂಬ ಗಿಟಾರ್ ವಾದಕ ಇಂಗ್ಲೆಂಡಿನಲ್ಲಿ ಇದನ್ನು ಹರಡಿದರು. ಮೊರಾಕ್ಕೋಗೆ ಹೋಗಿದ್ದಾಗ ಅಲ್ಲಿನ ಊದ್ ಎಂಬ ತಂತಿವಾದ್ಯದವರ ಜೊತೆ ನುಡಿಸಲು ಅನುಕೂಲವಾಗಲಿ ಅಂತ ಗಿಟಾರ್‌ನ ಆರು ತಂತಿಗಳನ್ನು ಡಿ ಎ ಡಿ ಜಿ ಎ ಡಿ ಎಂದು ಮಾಡಿಕೊಂಡರು. ನಮ್ಮ ಲೆಕ್ಕದಲ್ಲಿ ಓದಿದರೆ ಸ ಪ ಸ ಮ ಪ ಸ. ನೋಡಿ, ಗಾಂಧಾರವೇ ಇಲ್ಲ! ಗಾಂಧಾರ ಇಲ್ಲದ್ದರಿಂದ ಅದು ಮೇಜರ್ ಕೂಡ ಅಲ್ಲ, ಮೈನರ್ ಕೂಡ ಅಲ್ಲ. ಯಾವ ರಾಗದ ಕೆಳಗೆ ಬೇಕಾದರೂ ಇಡಬಹುದಾದ ತಂಬೂರಿ ಅದು. 1960ರ ದಶಕದ ಶುರುವಿನಲ್ಲೇ ಅವರು "ಶಿ ಮೂವ್ಡ್ ಥ್ರೂ ದ ಫೇರ್" ಎಂಬ ಐರಿಷ್ ಮಟ್ಟನ್ನು ಆಲಾಪದ ಹಾಗೆ ನಿಧಾನಕ್ಕೆ ಬಿಡಿಸಿ ನುಡಿಸಿದರು. 1964ರಲ್ಲಿ ಸಸೆಕ್ಸ್ ಕಡೆಯ ಹಾಡುಗಾರ್ತಿ ಶರ್ಲಿ ಕಾಲಿನ್ಸ್ ಜೊತೆ ಅವರು ಮಾಡಿದ ಆಲ್ಬಂನಿಂದ ಆಮೇಲಿನವರು ಬಹಳ ಕಲಿತರು.

ಇದರಲ್ಲಿ ಇನ್ನೊಂದು ಲಾಭ ಇದೆ, ಯಾರೂ ಅಷ್ಟಾಗಿ ಹೇಳುವುದಿಲ್ಲ. ಗಿಟಾರ್‌ನ ಪರದೆಗಳು ಕದಲುವುದಿಲ್ಲ. ಅದರ ಅಂತರ ಗಾಂಧಾರ (ಮೇಜರ್‌ನಲ್ಲಿ ಬರುವ ಗಾಂಧಾರ) ಶುದ್ಧ ಶ್ರುತಿಗಿಂತ ಸುಮಾರು 14 ಸೆಂಟ್ ಮೇಲಿದೆ. ಒಂದು ಅರೆಸ್ವರವನ್ನು 100 ಭಾಗ ಮಾಡಿದರೆ ಒಂದು ಭಾಗಕ್ಕೆ ಸೆಂಟ್ ಅನ್ನುತ್ತಾರೆ. 14 ಅಂದರೆ ಕಿವಿಗೆ ತಿಳಿಯುತ್ತದೆ, ತಂಬೂರಿ ಪಕ್ಕ ಇಟ್ಟರೆ ಚುಚ್ಚುತ್ತದೆ. ಆದರೆ ಪಂಚಮ ಮತ್ತು ಮಧ್ಯಮದಲ್ಲಿ ವ್ಯತ್ಯಾಸ 2 ಸೆಂಟ್ ಮಾತ್ರ. ಹಾಗಾಗಿ ಗಿಟಾರ್ ಗಾಂಧಾರವನ್ನು ಮುಟ್ಟದೆ ಸ ಮ ಪ ಮಾತ್ರ ಮೀಟುತ್ತಾ, ಗಾಂಧಾರವನ್ನು ಹಾಡುಗಾರ್ತಿಗೂ ಸಿತಾರಿಗೂ ಬಿಟ್ಟುಕೊಟ್ಟರೆ ಜಗಳವೇ ಇಲ್ಲ.

ಮ್ಯಾಜಿಕ್ ಕಾರ್ಪೆಟ್ ಆಲ್ಬಂ ಕೇಳುವಾಗ ಗಿಟಾರ್ ಎಷ್ಟು ಕಡಿಮೆ ಮಾತಾಡುತ್ತದೆ ನೋಡಿ.

ತಬಲಾ ಹೇಗೆ ಹೊಂದುತ್ತದೆ? ಅವರ ತಾಳವೇ ಬೇರೆ ಅಲ್ವಾ?

ಎಲ್ಲೆಡೆ ಬೇರೆ ಅಲ್ಲ. ಅವರ ಜಿಗ್ ಎಂಬ ಕುಣಿತದ ಗತಿ ಮೂರು ಮೂರು ಮಾತ್ರೆಗಳದು. ದಾದ್ರಾ ತಾಳವೂ ಮೂರು ಮೂರು, ಒಟ್ಟು 6. ರೀಲ್ ಎಂಬ ಕುಣಿತ ನಾಲ್ಕರ ಲೆಕ್ಕ, ಕೆಹರ್ವಾ ಸಲೀಸಾಗಿ ಕೂರುತ್ತದೆ. ಕಷ್ಟ ಇರುವುದು ತಾಳಕ್ಕೆ ಕಟ್ಟಿಹಾಕದ ಹಾಡುಗಳಲ್ಲಿ. ಹಳೇ ಹಾಡುಗಾರರು ಕಥೆಗೆ ತಕ್ಕಂತೆ ಒಂದು ಪದವನ್ನು ಎಳೆಯುತ್ತಾರೆ, ಇನ್ನೊಂದನ್ನು ಬೇಗ ಮುಗಿಸುತ್ತಾರೆ. ಅಲ್ಲಿ ಠೇಕಾ, ಅಂದರೆ ತಾಳದ ಸಿದ್ಧ ಬಡಿತ, ಹಿಡಿದರೆ ಹಾಡು ಕೆಡುತ್ತದೆ. ಒಳ್ಳೆಯ ತಬಲಾ ವಾದಕ ಅಲ್ಲಿ ಸುಮ್ಮನಿರುತ್ತಾನೆ, ಅಥವಾ ಸಾಲು ಮುಗಿದ ಮೇಲೆ ಎರಡು ಪೆಟ್ಟು ಕೊಡುತ್ತಾನೆ, ಅಷ್ಟೇ.

ಕೇಶವ ಸಾಠೆಯವರ ದೊಡ್ಡ ಗುಣ ಇದೇ. ಇವರ ಹೆಸರನ್ನು ನಾವು ಇನ್ನೂ ಜೋರಾಗಿ ಹೇಳಬೇಕು. 1966ರಲ್ಲಿ ಜಮೈಕಾದ ಸ್ಯಾಕ್ಸೊಫೋನ್ ವಾದಕ ಜೋ ಹ್ಯಾರಿಯಟ್ ಮತ್ತು ಕೋಲ್ಕತ್ತಾದಲ್ಲಿ ಹುಟ್ಟಿದ ಪಿಟೀಲುಗಾರ ಜಾನ್ ಮೇಯರ್ ಸೇರಿ ಮಾಡಿದ "ಇಂಡೋ ಜಾಝ್ ಸೂಟ್" ಆಲ್ಬಂನಲ್ಲಿ ತಬಲಾ ಇವರದೇ. 1967ರಲ್ಲಿ ಸ್ವಿಟ್ಜರ್ಲೆಂಡಿನ ಪಿಯಾನೋ ವಾದಕಿ ಇರೀನ್ ಶ್ವೈಟ್ಸರ್ ಅವರ ತಂಡದ ಜೊತೆಗೂ ನುಡಿಸಿದರು. 1972ರಲ್ಲಿ ಮ್ಯಾಜಿಕ್ ಕಾರ್ಪೆಟ್. 1977ರಲ್ಲಿ ಜಾನ್ ರೆನ್‌ಬೋರ್ನ್ ಗ್ರೂಪಿನ "ಎ ಮೇಡ್ ಇನ್ ಬೆಡ್ಲಂ". ಜಾಝ್ ಗುಂಪಿನಲ್ಲಿ ಜಾಝಿನವರ ಮಾತು ಕೇಳಿಸಿಕೊಂಡರು, ಜಾನಪದದವರ ಜೊತೆ ಅವರ ಮಾತು ಕೇಳಿಸಿಕೊಂಡರು. ಆದರೂ ಎಲ್ಲ ಕಡೆ ತಬಲಾ ತಬಲಾ ಆಗಿಯೇ ಉಳಿಯಿತು.

ಆ ರೆನ್‌ಬೋರ್ನ್ ಆಲ್ಬಂನಲ್ಲಿ "ಜಾನ್ ಬಾರ್ಲಿಕಾರ್ನ್" ಎಂಬ ಹಳೇ ಹಾಡಿದೆ. ಬಾರ್ಲಿ ಪೈರನ್ನು ಒಬ್ಬ ಮನುಷ್ಯ ಎಂದುಕೊಂಡು, ಅವನನ್ನು ಹೂತು, ಕೊಯ್ದು, ಬಡಿದು ಕೊನೆಗೆ ಮದ್ಯ ಮಾಡುವವರೆಗಿನ ಕಥೆ. ಜಾಕಿ ಮೆಕ್‌ಶೀ ಹಾಡುವ ತಂಡ ಅದು, ಕೊಳಲು, ಪಿಟೀಲು, ಗಿಟಾರ್, ತಬಲಾ ಎಲ್ಲ ಇದೆ. ತಬಲಾ ಇದೆ ಎಂದು ಯಾರಾದರೂ ಹೇಳುವವರೆಗೂ ಕೆಲವರಿಗೆ ಗೊತ್ತೇ ಆಗುವುದಿಲ್ಲ, ಅಷ್ಟು ಒಳಗೆ ಸೇರಿಹೋಗಿದೆ. ನನಗೆ ಕೇಳಿದರೆ ಇಂಗ್ಲಿಷ್ ಜಾನಪದಕ್ಕೆ ಭಾರತದ ವಾದ್ಯ ಸೇರಿದ ಆಲ್ಬಂಗಳಲ್ಲಿ ಅತಿ ಸಹಜವಾದದ್ದು ಇದೇ. ಮ್ಯಾಜಿಕ್ ಕಾರ್ಪೆಟ್‌ಗಿಂತಲೂ ಒಂದು ಕೈ ಮೇಲು.

ಇದೆಲ್ಲ ಬೀಟಲ್ಸ್‌ನಿಂದ ಶುರುವಾಯಿತು ತಾನೇ?

ಜನಪ್ರಿಯ ಆದದ್ದು ಅವರಿಂದ. ಶುರುವಾದದ್ದು ಅವರಿಂದ ಅಲ್ಲ. ಬೀಟಲ್ಸ್‌ಗಿಂತ ಮೊದಲೇ ಡೇವಿ ಗ್ರಹಾಂ ಈ ದಾರಿ ಹಿಡಿದಿದ್ದರು. ಮತ್ತು ಲಂಡನ್‌ನಲ್ಲಿ ಭಾರತೀಯ ಸಂಗೀತಕ್ಕೆ ನೆಲೆ ಮಾಡಿಕೊಟ್ಟವರಲ್ಲಿ ಮುಖ್ಯರು ನಮ್ಮ ಕರ್ನಾಟಕದವರು. ಅಯನ ದೇವ ಅಂಗಡಿ ಅಂತ ಹೆಸರು.

ಅಂಗಡಿಯವರು ಮತ್ತು ಅವರ ಇಂಗ್ಲಿಷ್ ಪತ್ನಿ ಪ್ಯಾಟ್ರಿಶಿಯಾ 1946ರಲ್ಲಿ ಲಂಡನ್‌ನಲ್ಲಿ ಏಷಿಯನ್ ಮ್ಯೂಸಿಕ್ ಸರ್ಕಲ್ ಶುರು ಮಾಡಿದರು. ಪಿಟೀಲು ದಿಗ್ಗಜ ಯೆಹೂದಿ ಮೆನುಹಿನ್ ಅದರ ಅಧ್ಯಕ್ಷರಾಗಿದ್ದರು. ಉತ್ತರ ಲಂಡನ್‌ನ ಫಿಂಚ್ಲಿಯಲ್ಲಿದ್ದ ಅವರ ಮನೆಯೇ ಸಂಗೀತಗಾರರು ಬಂದು ಹೋಗುವ ಜಾಗ. 1965ರಲ್ಲಿ ಬೀಟಲ್ಸ್ ಒಂದು ಹಾಡಿನ ರೆಕಾರ್ಡಿಂಗ್ ಮಾಡುವಾಗ ಜಾರ್ಜ್ ಹ್ಯಾರಿಸನ್ ಅವರ ಸಿತಾರ್ ತಂತಿ ಕಿತ್ತುಹೋಯಿತು. ಹೊಸ ತಂತಿ ಸಿಕ್ಕಿದ್ದು ಅಂಗಡಿಯವರಿಂದ. 1966ರಲ್ಲಿ ಹ್ಯಾರಿಸನ್ ರವಿಶಂಕರ್ ಅವರನ್ನು ಭೇಟಿಯಾದದ್ದೂ ಇವರ ಮೂಲಕವೇ. ಅದೇ ವರ್ಷ "ಲವ್ ಯು ಟು" ಹಾಡಿಗೆ ತಬಲಾ ನುಡಿಸಿದ ಅನಿಲ್ ಭಾಗವತ್ ಮತ್ತು ಮರುವರ್ಷ "ವಿದಿನ್ ಯು ವಿದೌಟ್ ಯು"ಗೆ ನುಡಿಸಿದ ಭಾರತೀಯ ವಾದಕರು ಈ ಸರ್ಕಲ್ ಕಡೆಯಿಂದ ಬಂದವರು.

ಬೀಟಲ್ಸ್ ಕಥೆ ಹೇಳುವವರು ರಿಷಿಕೇಶದವರೆಗೂ ಹೋಗುತ್ತಾರೆ, ಆದರೆ ಅಂಗಡಿಯವರ ಹೆಸರಿನ ಹತ್ತಿರ ನಿಲ್ಲುವುದಿಲ್ಲ. ಕರ್ನಾಟಕದಲ್ಲಿ ಇವರ ಬಗ್ಗೆ ಇನ್ನೂ ಜಾಸ್ತಿ ಬರೆಯಬೇಕು ಅಂತ ನನ್ನ ಆಸೆ.

ಪೆಂಟ್ಯಾಂಗಲ್ ಬ್ಯಾಂಡ್‌ನಲ್ಲೂ ಸಿತಾರ್ ಇದೆಯಲ್ಲ, ಅದು ಶಾಸ್ತ್ರೀಯವಾ?

ಅಲ್ಲ. 1969ರ "ಬಾಸ್ಕೆಟ್ ಆಫ್ ಲೈಟ್" ಆಲ್ಬಂನಲ್ಲಿ ಆ ಬ್ಯಾಂಡಿನಲ್ಲಿದ್ದ ಜಾನ್ ರೆನ್‌ಬೋರ್ನ್ "ಹೌಸ್ ಕಾರ್ಪೆಂಟರ್" ಹಾಡಿಗೆ ಸಿತಾರ್ ನುಡಿಸಿದ್ದಾರೆ. ಅಲ್ಲಿ ಸಿತಾರ್ ಒಂದು ಬಣ್ಣ. ಗಿಟಾರ್ ವಾದಕನ ಬೆರಳು ಸಿತಾರ್ ಮೇಲೆ ಓಡಾಡಿದ ಹಾಗೆ ಕೇಳಿಸುತ್ತದೆ. ಪಕ್ಕದಲ್ಲಿ ಬ್ಯಾಂಜೋ ಬೇರೆ ಇದೆ. ಹಾಡು ಚೆನ್ನಾಗಿದೆ, ಖಂಡಿತ ಕೇಳಿ, ಆದರೆ ರಾಗ ಹುಡುಕಬೇಡಿ. ಕ್ಲೆಮ್ ಆಲ್ಫರ್ಡ್ ಸಿತಾರ್‌ನ್ನೇ ಮುಖ್ಯ ವಾದ್ಯವಾಗಿ ಕಲಿತವರು. ಆ ವ್ಯತ್ಯಾಸ ಮೊದಲ ಮೀಂಡ್‌ನಲ್ಲೇ ತಿಳಿಯುತ್ತದೆ.

ಎಲ್ಲ ಬರೀ ಹಿಂದೂಸ್ತಾನಿನೇ ಆಯ್ತು. ಕರ್ನಾಟಕ ಸಂಗೀತ ಎಲ್ಲೂ ಇಲ್ವಾ?

ಇದೆ, ಶೀಲಾ ಚಂದ್ರ ಅವರನ್ನು ಕೇಳಿ. 1965ರಲ್ಲಿ ಲಂಡನ್‌ನಲ್ಲಿ ಹುಟ್ಟಿದವರು, ಮನೆತನದ ಮೂಲ ದಕ್ಷಿಣ ಭಾರತ. 1982ರಲ್ಲಿ ಮಾನ್ಸೂನ್ ಎಂಬ ಬ್ಯಾಂಡ್‌ನಲ್ಲಿ ಹಾಡಿದ "ಎವರ್ ಸೋ ಲೋನ್ಲಿ" ಬ್ರಿಟನ್‌ನ ಪಟ್ಟಿಯಲ್ಲಿ 12ನೇ ಸ್ಥಾನಕ್ಕೆ ಹೋಯಿತು. ಆದರೆ ನನಗೆ ಇಷ್ಟವಾಗುವುದು ಅದರ ಹತ್ತು ವರ್ಷದ ನಂತರದ ಕೆಲಸ. 1992ರಲ್ಲಿ "ವೀವಿಂಗ್ ಮೈ ಆನ್ಸೆಸ್ಟರ್ಸ್ ವಾಯ್ಸಸ್", 1994ರಲ್ಲಿ "ದ ಝೆನ್ ಕಿಸ್". ಅಲ್ಲಿ ಬರೀ ಗಂಟಲು, ಅದರ ಕೆಳಗೆ ಒಂದು ಆಧಾರ ಸ್ವರ, ಅಷ್ಟೇ. "ಸ್ಪೀಕಿಂಗ್ ಇನ್ ಟಂಗ್ಸ್" ಅಂತ ಸರಣಿಯಾಗಿ ಬರುವ ಹಾಡುಗಳಲ್ಲಿ ಮೃದಂಗದ ಸೊಲ್ಲುಗಳನ್ನು ಕೊನ್ನಕ್ಕೋಲಿನ ರೀತಿಯಲ್ಲಿ ಹೇಳುತ್ತಾ ಹೇಳುತ್ತಾ ಬೇರೆ ಏನೇನೋ ಶಬ್ದಗಳಿಗೆ ಜಾರುತ್ತಾರೆ. ಅದೇ ಗಂಟಲಲ್ಲಿ "ಎ ಸೈಲರ್ಸ್ ಲೈಫ್" ಎಂಬ ಇಂಗ್ಲಿಷ್ ಜಾನಪದ ಹಾಡನ್ನೂ ಹಾಡುತ್ತಾರೆ. ಎರಡು ಸಂಗೀತಗಳು ಎರಡು ವಾದ್ಯಗಳಲ್ಲಿ ಅಲ್ಲ, ಒಬ್ಬರ ಗಂಟಲೊಳಗೇ ಸೇರಿವೆ. ಒಂದು ಕಾಯಿಲೆಯಿಂದಾಗಿ ಅವರು ಈಗ ಹಾಡುವುದಿಲ್ಲ. ಅದು ನಿಜಕ್ಕೂ ದೊಡ್ಡ ನಷ್ಟ.

ಬೆಂಗಳೂರಿನವರಾದ, ಲಂಡನ್‌ನಲ್ಲಿ ನೆಲೆಸಿರುವ ಪಿಟೀಲು ವಾದಕಿ ಜ್ಯೋತ್ಸ್ನಾ ಶ್ರೀಕಾಂತ್ ಅವರು "ನಾರ್ಡಿಕ್ ರಾಗ" ಎಂಬ ತಂಡದಲ್ಲಿ ಸ್ವೀಡನ್‌ನ ಜಾನಪದ ವಾದಕರ ಜೊತೆ ನುಡಿಸಿದ್ದಾರೆ. ಇಂಗ್ಲಿಷ್ ಅಲ್ಲ, ಆದರೂ ಕರ್ನಾಟಕ ಶೈಲಿಯ ಪಿಟೀಲು ಉತ್ತರ ಯುರೋಪಿನ ಹಳ್ಳಿಯ ಮಟ್ಟಿಗೆ ಹೇಗೆ ಕೂರುತ್ತದೆ ಅಂತ ತಿಳಿಯಬೇಕಾದರೆ ಅದನ್ನೇ ಕೇಳಬೇಕು.

ನಮ್ಮ ಶಾಸ್ತ್ರೀಯ ಸಂಗೀತ ಇದರಿಂದ ಕೆಡುವುದಿಲ್ವಾ?

ಮುತ್ತುಸ್ವಾಮಿ ದೀಕ್ಷಿತರಿಗಿಂತ ಶುದ್ಧ ಶಾಸ್ತ್ರೀಯ ಯಾರು ಹೇಳಿ? ಅವರೇ ಮದರಾಸಿನ ಇಂಗ್ಲಿಷ್ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತದಲ್ಲಿ ಸಾಹಿತ್ಯ ಬರೆದರು. ನೊಟ್ಟುಸ್ವರ ಅಂತ ನಮ್ಮ ಮಕ್ಕಳು ಇವತ್ತಿಗೂ ಪಾಠದಲ್ಲಿ ಕಲಿಯುತ್ತಾರೆ. "ಸಂತತಂ ಪಾಹಿಮಾಂ" ಇಂಗ್ಲೆಂಡಿನ ರಾಷ್ಟ್ರಗೀತೆಯ ಮಟ್ಟು. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಯುರೋಪಿನ ಪಿಟೀಲನ್ನು ಕಲಿತು ನಮ್ಮ ಕಛೇರಿಗೆ ತಂದರು. ಈಗ ಪಿಟೀಲು ಇಲ್ಲದೆ ಕಛೇರಿ ಉಂಟೇ?

ಹಾರ್ಮೋನಿಯಂ ಕಥೆಯೂ ಹಾಗೇ. ಅದೂ ಯುರೋಪಿನಿಂದ ಬಂದದ್ದು, ಇಂಗ್ಲಿಷ್ ಜಾನಪದದ ಕಾನ್ಸರ್ಟಿನಾಗೆ ಹತ್ತಿರದ ಸಂಬಂಧಿ, ಎರಡರಲ್ಲೂ ಗಾಳಿಗೆ ಅದುರುವ ಲೋಹದ ನಾಲಿಗೆಗಳಿವೆ. ಗಮಕ ಬರುವುದಿಲ್ಲ ಅಂತ ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿ ದಶಕಗಳವರೆಗೆ ಹೊರಗಿಟ್ಟಿತ್ತು. ಆದರೂ ಭಜನೆ, ನಾಟಕ, ಹಿಂದೂಸ್ತಾನಿ ಕಛೇರಿ ಎಲ್ಲಿಂದಲೂ ಅದು ಮರೆಯಾಗಲಿಲ್ಲ. ಬೆರೆತದ್ದರಿಂದ ಸಂಗೀತ ಕೆಡುವುದಿಲ್ಲ, ಅರೆಬರೆ ಕಲಿತವರಿಂದ ಕೆಡುತ್ತದೆ ಎಂಬುದು ನನ್ನ ನಂಬಿಕೆ.

ಬ್ರಿಟಿಷರು ನಮ್ಮದನ್ನು ದೋಚಿದ್ದು ಸಾಲದೇ, ಸಂಗೀತವನ್ನೂ ತಗೊಂಡರಾ?

ಕೋಪ ಅರ್ಥವಾಗುತ್ತದೆ, ಮತ್ತು ಅದರಲ್ಲಿ ಸತ್ಯವೂ ಇದೆ. 1960ರ ದಶಕದ ಎಷ್ಟೋ ರೆಕಾರ್ಡುಗಳಲ್ಲಿ ಸಿತಾರ್ ಅಂದರೆ ಊದುಬತ್ತಿ, ಹೊಗೆ, ಮತ್ತು ಅಷ್ಟೇ. ನುಡಿಸಿದ ಭಾರತೀಯರ ಹೆಸರು ಕೂಡ ಹಾಕದೆ ಬಿಟ್ಟ ರೆಕಾರ್ಡುಗಳಿವೆ. ತಮ್ಮ ಸಂಗೀತವನ್ನು ಮಾದಕ ವಸ್ತುವಿನ ಜೊತೆ ಸೇರಿಸಿ ನೋಡುವುದು ರವಿಶಂಕರ್ ಅವರಿಗೆ ಎಷ್ಟು ನೋವು ಕೊಟ್ಟಿತು ಎಂಬುದನ್ನು ಅವರು ಬಾಯಿಬಿಟ್ಟೇ ಹೇಳಿದ್ದರು.

ನಾನು ಒಂದು ಬ್ಯಾಂಡ್ ಬಗ್ಗೆ ತೀರ್ಮಾನಕ್ಕೆ ಬರುವ ಮೊದಲು ಮೂರು ವಿಷಯ ನೋಡುತ್ತೇನೆ. ಸಿತಾರ್ ಹಿಡಿದವರು ನಿಜವಾಗಿ ಕಲಿತಿದ್ದಾರಾ? ಭಾರತೀಯ ವಾದಕರು ಬ್ಯಾಂಡಿನ ಸದಸ್ಯರಾ, ಬಾಡಿಗೆಗೆ ಬಂದವರಾ? ಹಾಡು ಭಾರತೀಯ ವಾದ್ಯಕ್ಕೆ ಜಾಗ ಬಿಟ್ಟಿದೆಯಾ, ಶುರುವಿನಲ್ಲಿ ಸ್ವಲ್ಪ ಕೇಳಿಸಿ ಆಮೇಲೆ ಮರೆತಿದೆಯಾ? ಮ್ಯಾಜಿಕ್ ಕಾರ್ಪೆಟ್‌ನಲ್ಲಿ ಸಾಠೆ ನಾಲ್ವರಲ್ಲಿ ಒಬ್ಬರು. ಆಲ್ಬಂನ ಒಂದು ವಾದ್ಯ ತುಣುಕಿಗೆ ಅವರ ಹೆಸರನ್ನೇ ಸೇರಿಸಿ "ಟೇಕ್ ಅವೇ ಕೇಶ್" ಅಂತ ಕರೆದರು.

ಈಗಲೂ ಯಾರಾದರೂ ಇಂಥದ್ದು ಮಾಡುತ್ತಿದ್ದಾರಾ?

2000ದ ನಂತರದ ದೊಡ್ಡ ಪ್ರಯತ್ನ "ದ ಇಮ್ಯಾಜಿನ್ಡ್ ವಿಲೇಜ್". ಸೈಮನ್ ಎಮರ್ಸನ್ ಕಟ್ಟಿದ ತಂಡ, 2007ರಲ್ಲಿ ಮೊದಲ ಆಲ್ಬಂ. ಇವತ್ತಿನ ಇಂಗ್ಲಿಷ್ ಹಳ್ಳಿ ಅಂದರೆ ಯಾವುದು, ಅಲ್ಲಿ ಯಾರ್ಯಾರು ಇದ್ದಾರೆ ಎಂಬ ಪ್ರಶ್ನೆಯಿಂದ ಹೊರಟವರು. ಮಾರ್ಟಿನ್ ಕಾರ್ಥಿ, ಅವರ ಮಗಳು ಎಲೈಜಾ ಕಾರ್ಥಿ, ಕ್ರಿಸ್ ವುಡ್ ಇವರೆಲ್ಲ ಜಾನಪದದ ಕಡೆಯಿಂದ. ಸಿತಾರ್ ಶೀಮಾ ಮುಖರ್ಜಿ, ಇವರು ಸಿತಾರ್ ದಿಗ್ಗಜ ನಿಖಿಲ್ ಬ್ಯಾನರ್ಜಿಯವರ ಮನೆತನದವರು, ಅವರ ಹತ್ತಿರವೇ ಕಲಿತವರು. ಜಾನಿ ಕಾಲ್ಸಿಯವರ ಢೋಲ್ ಕೂಡ ಇದೆ, ಅದು ಪಂಜಾಬಿನದು, ಶಾಸ್ತ್ರೀಯ ಅಲ್ಲ. ಇವರ "ಕೋಲ್ಡ್ ಹೇಲಿ ರೇನಿ ನೈಟ್" 2008ರ ಬಿಬಿಸಿ ಜಾನಪದ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಸಾಂಪ್ರದಾಯಿಕ ಹಾಡು ಅನಿಸಿಕೊಂಡಿತು. 2010ರ ಎರಡನೇ ಆಲ್ಬಂನಲ್ಲಿ ಕಾರ್ಥಿ ತಾವು 1965ರಲ್ಲಿ ಒಬ್ಬರೇ ಹಾಡಿದ್ದ "ಸ್ಕಾರ್ಬರೋ ಫೇರ್" ಹಾಡನ್ನು ಸಿತಾರ್ ಜೊತೆ ಮತ್ತೆ ಹಾಡಿದರು. ಎರಡನ್ನೂ ಒಂದಾದ ಮೇಲೆ ಒಂದು ಕೇಳಿ. ವಯಸ್ಸಾದ ಆ ಗಂಟಲಿಗೆ ಸಿತಾರ್ ಎಷ್ಟು ಚೆನ್ನಾಗಿ ಒರಗು ಕೊಡುತ್ತದೆ!

ಇನ್ನೊಂದು ಯಾರ್ಕ್‌ಸ್ಟನ್, ಥಾರ್ನ್, ಖಾನ್ ಎಂಬ ಮೂವರ ತಂಡ. ಸ್ಕಾಟ್ಲೆಂಡಿನ ಹಾಡುಗಾರ ಜೇಮ್ಸ್ ಯಾರ್ಕ್‌ಸ್ಟನ್, ಇಂಗ್ಲೆಂಡಿನ ಜಾಝ್ ಬಾಸ್ ವಾದಕ ಜಾನ್ ಥಾರ್ನ್, ದೆಹಲಿಯ ಸಾರಂಗಿ ವಾದಕ ಸುಹೇಲ್ ಯೂಸುಫ್ ಖಾನ್. 2016ರಲ್ಲಿ ಮೊದಲ ಆಲ್ಬಂ, 2020ರಲ್ಲಿ "ನವರಸ". ಸಾರಂಗಿ ಮನುಷ್ಯನ ಗಂಟಲಿಗೆ ಹತ್ತಿರ, ಹಾಗಾಗಿ ಜಾನಪದ ಹಾಡಿಗೆ ಸಿತಾರ್‌ಗಿಂತ ಅದೇ ಚೆನ್ನಾಗಿ ಒಪ್ಪುತ್ತದೆ ಅಂತ ನನಗೆ ಅನಿಸಿದೆ.

ರಘು ದೀಕ್ಷಿತ್ ಮಾಡುವುದು ಇದೇ ತಾನೇ?

ಪಕ್ಕದ ಬೀದಿ. ಅವರು ಶಿಶುನಾಳ ಶರೀಫರ ಪದಗಳನ್ನು, ನಮ್ಮ ಕನ್ನಡದ ಹಾಡುಗಳನ್ನು ರಾಕ್ ಬ್ಯಾಂಡ್ ಜೊತೆ ಹಾಡುತ್ತಾರೆ. ಶಾಸ್ತ್ರೀಯ ಅದರ ಕೇಂದ್ರದಲ್ಲಿಲ್ಲ. ಆದರೆ ಇಂಗ್ಲೆಂಡಿನಲ್ಲಿ ಜಾನಪದ ಕೇಳುವ ಜನ ಅವರನ್ನು ತುಂಬಾ ಪ್ರೀತಿಯಿಂದ ಸ್ವಾಗತಿಸಿದರು. 2010ರಲ್ಲಿ ಜೂಲ್ಸ್ ಹಾಲೆಂಡ್ ಅವರ ಟಿವಿ ಕಾರ್ಯಕ್ರಮದಲ್ಲಿ ಹಾಡಿದರು, 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸಬರ ಪ್ರಶಸ್ತಿ ಪಡೆದರು.

ಮೊದಲ ಸಲ ಕೇಳುವವರು ಯಾವುದರಿಂದ ಶುರು ಮಾಡಬೇಕು? ಒಮ್ಮೆ ಕೇಳಿ ಬೋರ್ ಆಯ್ತು.

ಮ್ಯಾಜಿಕ್ ಕಾರ್ಪೆಟ್ ಆಲ್ಬಂನಿಂದ ಶುರು ಮಾಡಬೇಡಿ. ಆ ಹಾಡುಗಳ ಸೊಗಸು ನಿಧಾನಕ್ಕೆ ಸಿಗುತ್ತದೆ. ಮೊದಲು ಇಮ್ಯಾಜಿನ್ಡ್ ವಿಲೇಜ್‌ನ "ಕೋಲ್ಡ್ ಹೇಲಿ ರೇನಿ ನೈಟ್" ಕೇಳಿ, ಅದರಲ್ಲಿ ಜೋಶ್ ಇದೆ. ಆಮೇಲೆ ರೆನ್‌ಬೋರ್ನ್ ಗ್ರೂಪಿನ "ಜಾನ್ ಬಾರ್ಲಿಕಾರ್ನ್". ಆಮೇಲೆ ಶೀಲಾ ಚಂದ್ರ, ಸಾಧ್ಯವಾದರೆ ಹೆಡ್‌ಫೋನ್‌ನಲ್ಲಿ. ಇಷ್ಟಾದ ಮೇಲೆ ಮ್ಯಾಜಿಕ್ ಕಾರ್ಪೆಟ್‌ನ "ದ ಫೀನಿಕ್ಸ್" ಹಾಕಿ. ಆಗ ಬೋರ್ ಆಗುವುದಿಲ್ಲ, ಕಿವಿ ತಯಾರಾಗಿರುತ್ತದೆ. ಇಂಗ್ಲಿಷ್ ಪದ ಅರ್ಥವಾಗದಿದ್ದರೆ ಸಾಹಿತ್ಯ ಎದುರಿಗಿಟ್ಟುಕೊಳ್ಳಿ, ಕಥೆಯ ಹಾಡಿನಲ್ಲಿ ಕಥೆ ತಪ್ಪಿದರೆ ಅರ್ಧ ಹೋಯಿತು.

ನನ್ನ ಗೆಳೆಯ ಗಿಟಾರ್, ನಾನು ಸಿತಾರ್. ನಾವೂ ಪ್ರಯತ್ನ ಮಾಡಬಹುದಾ?

ಖಂಡಿತ. ಸಿತಾರಿನ ಷಡ್ಜ ಸಾಮಾನ್ಯವಾಗಿ ಸಿ ಶಾರ್ಪ್ ಅಥವಾ ಡಿ ಹತ್ತಿರ ಇರುತ್ತದೆ. ನಿಮ್ಮದು ಡಿ ಆಗಿದ್ದರೆ ಗೆಳೆಯನಿಗೆ ಮೇಲೆ ಹೇಳಿದ ಸ ಪ ಸ ಮ ಪ ಸ ಶ್ರುತಿ ಮಾಡಿಕೊಳ್ಳಲು ಹೇಳಿ. ಸಿ ಶಾರ್ಪ್ ಆಗಿದ್ದರೆ ಎಲ್ಲ ತಂತಿಗಳನ್ನೂ ಅರೆಸ್ವರ ಇಳಿಸಲಿ. ತಬಲಾ ಇದ್ದರೆ ದಾಯಾಂ (ಬಲಗೈಯದು) ಅದೇ ಷಡ್ಜಕ್ಕೆ ಇರಬೇಕು, ಅದನ್ನು ನಡುವೆ ಬದಲಿಸಲು ಆಗುವುದಿಲ್ಲ, ಹಾಗಾಗಿ ಕಾರ್ಯಕ್ರಮದ ಎಲ್ಲ ಹಾಡುಗಳೂ ಒಂದೇ ಶ್ರುತಿಯಲ್ಲಿ ಇರಲಿ.

ಮೊದಲ ಹಾಡಿಗೆ ಡೋರಿಯನ್ ಮಟ್ಟು ಆರಿಸಿ, ಸ್ಕಾರ್ಬರೋ ಫೇರ್ ಆದರೂ ಸರಿ. ತರಬ್‌ಗಳನ್ನು ಕಾಫಿ ಥಾಟ್‌ಗೆ ಮಾಡಿಕೊಳ್ಳಿ. ಒಂದೇ ಥಾಟ್‌ನ ಹಾಡುಗಳನ್ನು ಸಾಲಾಗಿ ಇಟ್ಟುಕೊಂಡರೆ ನಡುವೆ ಎಲ್ಲ ತಂತಿ ತಿರುಗಿಸುತ್ತಾ ಕೇಳುವವರನ್ನು ಕಾಯಿಸಬೇಕಾಗಿಲ್ಲ. ಆಲಾಪ ಒಂದು ನಿಮಿಷ ಸಾಕು. ಹಾಡು ನಡೆಯುವಾಗ ಪದಗಳ ಮೇಲೆ ನುಡಿಸಬೇಡಿ, ಪದ್ಯ ಪದ್ಯದ ನಡುವೆ ನಿಮ್ಮ ಜಾಗ ತಗೊಳ್ಳಿ, ಮತ್ತು ಕಥೆ ಬಿಸಿಯಾಗುತ್ತಾ ಹೋದ ಹಾಗೆ ಆ ಜಾಗವನ್ನು ಸ್ವಲ್ಪ ಸ್ವಲ್ಪ ಹಿಗ್ಗಿಸಿ. ಗೆಳೆಯನ ಕೈ ಅಭ್ಯಾಸಕ್ಕೆ ಕಾರ್ಡ್ ಬದಲಿಸಲು ಹೋಗುತ್ತದೆ. ಮೊದಲ ವಾರ ಅವನು ತೆಳುವಾದ ಮೂರು ತಂತಿ ಮುಟ್ಟದೆ ಬರೀ ದಪ್ಪ ತಂತಿಗಳ ಸ ಪ ಸ ಮೀಟಲಿ, ಉಳಿದದ್ದನ್ನು ಆಮೇಲೆ ಒಂದೊಂದಾಗಿ ಸೇರಿಸಬಹುದು.